ನಳ ಬಂದ ದಿನವೇ ಕಚ್ಚತಕ್ಕದ್ದು

ಕಲಬುರಗಿಯ ಬೀದಿನಾಯಿಗಳಿಗೆ ತುರ್ತಾಗಿ ಒಂದು ಸುತ್ತೋಲೆ ಹೊರಡಬೇಕಿದೆ: ಇನ್ನು ಮುಂದೆ ನಳಕ್ಕೆ ನೀರು ಬಿಡುವ ದಿನ ಮಾತ್ರ ಕಚ್ಚತಕ್ಕದ್ದು. ರೇಬೀಸ್ ತಗಲಬಾರದೆಂದರೆ ಕಚ್ಚಿದ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕಂತೆ. ಅತ್ತ ಭೀಮಾ ನದಿ, ಇತ್ತ ಬೆಣ್ಣೆತೊರಾ ನದಿ, ನಮ್ಮ ಓಣಿಯ ನಳ ಮಾತ್ರ ಪಾಳಿ ಮೇಲೆ. ಆ ಪಾಳಿ ನಾಯಿಗೇನು ಗೊತ್ತು?

ಡ್ರಮ್ಮಿನ ನೀರನ್ನು ತಂಬಿಗೆಯಿಂದ ಸುರಿದರೂ ನಡೆಯುತ್ತದೆ. ಆದರೆ ನೀರು ಖರ್ಚಾಗುತ್ತದಲ್ಲ! ಅದಕ್ಕೇ ಮೊದಲು ಹೊರಬರುವುದು ಖಾರದ ಡಬ್ಬಿ. ಖಾರದ ಮೇಲೆ ಅರಿಶಿನ, ಅರಿಶಿನದ ಮೇಲೆ ಸುಣ್ಣ, ಕೊನೆಗೊಂದಿಷ್ಟು ಎಣ್ಣೆ. ಕಾಲನ್ನು ಪೂರ್ತಿ ಎಣ್ಣೆಗಾಯಿ ಮಾಡಿದ ಮೇಲೆ ದವಾಖಾನೆ ನೆನಪಾಗುತ್ತದೆ.

ಅಷ್ಟರಲ್ಲಿ, ಕಚ್ಚಿಸಿಕೊಂಡ ಕಾಕಾನ ಬಳಿ ಕಟ್ಟೆಯ ತಜ್ಞರು ಬರುತ್ತಾರೆ. "ಕಾಕಾ, ಹತ್ತ ದಿನ ನಾಯಿ ಮ್ಯಾಲ ಕಣ್ಣ ಇಡ್ರಿ. ಅದು ಸಾಯ್ಲಿಲ್ಲಂದ್ರ ನಿಮಗೇನೂ ಆಗಂಗಿಲ್ಲ." ಹತ್ತು ದಿನದ ಲೆಕ್ಕ ಸುಳ್ಳಲ್ಲ. ಆದರೆ ಅದು ಸೂಜಿ ಶುರು ಮಾಡಿಕೊಂಡು ಇಡುವ ಲೆಕ್ಕ. ಸೂಪರ್ ಮಾರ್ಕೆಟ್ ಏರಿಯಾದಲ್ಲಿ ಕಚ್ಚಿ ಗಂಜ್ ಏರಿಯಾ ಕಡೆ ಓಡಿದ ನಾಯಿಯ ಹಾಜರಿಯನ್ನು ಯಾರು ಹಾಕುತ್ತಾರೆ? ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ.

ಸಂಜೆ ಓಣಿಯ ಸಭೆ. ನಿರ್ಣಯ ಸರ್ವಾನುಮತದ್ದು: ನಾಯಿಗಳನ್ನು ಹಿಡಿದು ಆಳಂದ ರೋಡಿನಲ್ಲಿ ಬಿಟ್ಟು ಬರಬೇಕು. ಆಳಂದ ರೋಡಿನವರೂ ಅದೇ ಹೊತ್ತಿಗೆ ಸಭೆ ಸೇರಿ ನಮ್ಮ ಓಣಿಯ ಹೆಸರು ಬರೆದಿರುತ್ತಾರೆ. ಬೀದಿನಾಯಿಗಳ ಬಗ್ಗೆ ಕೇಂದ್ರದ 2023ರ ನಿಯಮ ಹೇಳುವುದೇ ಬೇರೆ: ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ನೂರರಲ್ಲಿ 70 ನಾಯಿಗಳಿಗೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ. ತೊಂದರೆ ಏನೆಂದರೆ, ನಾಯಿಯೊಳಗೆ ಹೋದ ಲಸಿಕೆ ಯಾರ ಕಣ್ಣಿಗೂ ಕಾಣುವುದಿಲ್ಲ. ಬೋನಿನ ಗಾಡಿಯ ಮುಂದೆ ನಿಂತರೆ ಫೋಟೋ ಚಂದ ಬರುತ್ತದೆ, ಸಿರಿಂಜಿನ ಮುಂದೆ ನಿಂತರೆ ಬರುವುದಿಲ್ಲ.

ಸರ್ಕಾರಿ ದವಾಖಾನೆಯಲ್ಲಿ ಚರ್ಮಕ್ಕೆ ಕೊಡುವ ಲಸಿಕೆಯ ಸೂಜಿ 0, 3, 7, 28ನೇ ದಿನ (ಮೊದಲ ಸೂಜಿಯ ದಿನವೇ 0). ರಕ್ತ ಬಂದಿದ್ದರೆ ಮೊದಲ ದಿನವೇ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್, ಅಂದರೆ ವೈರಸ್ ತಡೆಯುವ ಸಿದ್ಧ ಪ್ರತಿಕಾಯದ ಸೂಜಿ ಬೇರೆ. ಮೊದಲ ಮೂರಕ್ಕೆ ಕಾಕಾ ತಪ್ಪದೆ ಹೋದರು. ನಾಲ್ಕನೆಯದರ ದಿನ ಚಿತ್ತಾಪುರದಲ್ಲಿ ಬೀಗರ ಮದುವೆ. ಸಿಸ್ಟರ್ ಫೋನ್ ಮಾಡಿದರೆ ಪಂಗತಿಯಿಂದಲೇ ಉತ್ತರ ಬಂತು: "ಮೂರ ಆಗ್ಯಾವಲ್ರೀ ಅಕ್ಕೋರೆ, ನಾಕನೇದು ಆ ನಾಯಿಗೇ ಹಾಕಿಬಿಡ್ರಿ!"