ಮನೆಯೊಳಗೆ ಇರಿಸಿದರಷ್ಟೇ ಸಾಲದು

ಫ್ಲೂ ಪಿಡುಗು ಹಬ್ಬಿದಾಗ ವಯಸ್ಸಾದವರನ್ನು ಮನೆಯೊಳಗೆ ಇರಿಸಿದರೆ ಸಾಕು ಎಂದು ಲೇಖನವೊಂದರಲ್ಲಿ ಬರೆದವರ ಮಾತನ್ನು ನಾನು ಒಪ್ಪಲಾರೆ. 2009ರ ಎಚ್1ಎನ್1 (ಹಂದಿ ಜ್ವರ) ಪಿಡುಗಿನಲ್ಲಿ ಸತ್ತವರಲ್ಲಿ ಹೆಚ್ಚಿನವರು 65 ದಾಟದವರು. ಗರ್ಭಿಣಿಯರಿಗೂ, ಆಸ್ತಮಾ, ಸಕ್ಕರೆ ಕಾಯಿಲೆ ಇದ್ದವರಿಗೂ ಅಪಾಯ ಹೆಚ್ಚಾಗಿತ್ತು. ಮಂಡ್ಯದ ನಮ್ಮ ಹಳ್ಳಿಗಳಲ್ಲಿ ಅಜ್ಜಿ, ಬಸುರಿ ಸೊಸೆ, ಶಾಲೆಯ ಮಕ್ಕಳು ಒಂದೇ ಸೂರಿನಡಿ ಇರುವಾಗ, ಡೇರಿಗೆ ಹಾಲು ಹಾಕಿ, ಆಲೆಮನೆಯಲ್ಲಿ ದುಡಿದು ಬರುವವರ ಜೊತೆಯಲ್ಲೇ ಸೋಂಕು ಒಳಗೆ ಬರುವುದರಿಂದ, ಲಸಿಕೆ ಮನೆಯ ಈ ಎಲ್ಲರಿಗೂ ಸಿಗಲೇಬೇಕು. ಲಸಿಕೆ ಕೊಡಲು ಬೇಕಾದ ಗರ್ಭಿಣಿಯರ ಪಟ್ಟಿ ಆಶಾ ಕಾರ್ಯಕರ್ತೆಯರ ಬಳಿ ಈಗಾಗಲೇ ಇರುತ್ತದೆ. ಇನ್ನು ಫ್ಲೂ ವೈರಸ್ಸಿಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆಯನ್ನು ರೋಗಲಕ್ಷಣ ಕಂಡ 48 ಗಂಟೆಯೊಳಗೆ ಆರಂಭಿಸಿದರೆ ಹೆಚ್ಚು ಫಲಕಾರಿಯಾದ್ದರಿಂದ, ಅದರ ದಾಸ್ತಾನು ಜಿಲ್ಲಾಸ್ಪತ್ರೆಯಲ್ಲಿ ಮಾತ್ರವಲ್ಲ, ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರಬೇಕೆಂಬುದು ನನ್ನ ಒತ್ತಾಯ.