ಡಾಕ್ಟ್ರ ಬಗ್ಗೆ ಮನೆಯವರೂ ಮಾತಾಡಲಿ

ಗದಗಿನ ನಮ್ಮ ಡಾಕ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ, ಕೆಲಸಕ್ಕೆ ಹೊರಟ ಬಸ್ಸಿನಲ್ಲಿದ್ದೆ. "ಅಪ್ಪಾಜಿ ಹೋದ್ರು" ಅಂತ ಅವರ ಮಗಳು ಎರಡೇ ಶಬ್ದ ಕಳಿಸಿದ್ದಳು. ಅವಳು ನನ್ನ ಜೊತೆ ಶಾಲೆಗೆ ಹೋದವಳು. ಮಧ್ಯಾಹ್ನ ಬಿಡುವು ಮಾಡಿಕೊಂಡು ಫೋನ್ ಮಾಡುವಷ್ಟರಲ್ಲಿ ಅಲ್ಲಿ ಮಣ್ಣೂ ಆಗಿತ್ತು.

ಅವರಿಗೆ 82 ವರ್ಷ. 1957ರಲ್ಲಿ ಶುರುವಾದ ಹುಬ್ಬಳ್ಳಿಯ ಕೆಎಂಸಿ ಮೆಡಿಕಲ್ ಕಾಲೇಜಿನಲ್ಲಿ ಅರವತ್ತರ ದಶಕದಲ್ಲಿ ಓದಿದವರು. ಜೊತೆಗೆ ಓದಿದ ಕೆಲವರು ಬೆಂಗಳೂರು ಸೇರಿದರು, ಕೆಲವರು ಈ ಇಂಗ್ಲೆಂಡಿಗೇ ಬಂದರು. ಇವರು ಬೆಟಗೇರಿಯ ನೇಕಾರರ ಓಣಿಯ ಹತ್ತಿರ ಎರಡು ಕೋಣೆಯ ದವಾಖಾನೆ ತೆಗೆದರು. ಕೊನೆಯವರೆಗೂ ಅಲ್ಲೇ ಇದ್ದರು.

ಹದಿನೈದು ದಿನ ಬಿಟ್ಟು ನುಡಿನಮನ ಇಟ್ಟಿದ್ದರು. ನಾನು ಫೋನಿನಲ್ಲಿ ನೋಡಿದೆ. ಎಂಟು ಜನ ಮಾತಾಡಿದರು. ದೇವರಂಥ ಮನುಷ್ಯ, ಬಡವರ ಬಂಧು, ನಡೆದಾಡುವ ದೇವರು ಅಂದರು. ಯಾರೂ ಸುಳ್ಳು ಹೇಳಲಿಲ್ಲ. ಮಾತಾಡಿದ ಎಲ್ಲರ ಗಂಟಲೂ ಕಟ್ಟಿತ್ತು. ಆದರೆ ಎರಡು ತಾಸು ಕೂತು ಕೇಳಿದರೂ ನಾನು ಕಂಡ ಡಾಕ್ಟ್ರು ಅಲ್ಲಿ ಸಿಗಲಿಲ್ಲ. ಅವರ ಹೆಂಡತಿ, ನಾವೆಲ್ಲ ಅವ್ವಾರು ಅಂತ ಕರೆಯುವವರು, ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದರು. ಅವರ ಕೈಗೆ ಯಾರೂ ಮೈಕ್ ಕೊಡಲಿಲ್ಲ. ಮಗಳಿಗೂ ಇಲ್ಲ. ನಲವತ್ತು ವರ್ಷ ಜೊತೆಗಿದ್ದ ಕಂಪೌಂಡರ್ ಹಿಂದೆ ನಿಂತು ನೀರು ಕೊಡುತ್ತಿದ್ದರು.

ಅದು ನನ್ನನ್ನು ಇನ್ನೂ ಕಾಡುತ್ತಿದೆ.

ಮೂರು ವರ್ಷದ ಹಿಂದೆ ನಮ್ಮ ಬೀದಿಯಲ್ಲಿದ್ದ ಒಬ್ಬ ನಿವೃತ್ತ ಜಿಪಿ ತೀರಿಕೊಂಡರು. ಜಿಪಿ ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರು. ಇಲ್ಲಿ ಅಂತ್ಯಕ್ರಿಯೆ ಅದೇ ದಿನ ಆಗುವುದಿಲ್ಲ, ಎರಡು ಮೂರು ವಾರ ಹಿಡಿಯುತ್ತದೆ. ಬಂದ ಹೊಸದರಲ್ಲಿ ನನಗೆ ಇದು ಸಂಕಟ ಅನ್ನಿಸುತ್ತಿತ್ತು. ಆದರೆ ಆ ವಾರಗಳಲ್ಲಿ ಮನೆಯವರು ಕೂತು ನೆನಪು ಮಾಡಿಕೊಳ್ಳುತ್ತಾರೆ, ಬರೆದುಕೊಳ್ಳುತ್ತಾರೆ. ಅಂತ್ಯಕ್ರಿಯೆಯ ದಿನ ಮಗ ಒಂದು ಹಾಳೆ ಹಿಡಿದು ನಿಂತ. ಕೈ ನಡುಗುತ್ತಿತ್ತು. ಅಪ್ಪನ ಪೇಷಂಟ್ ಒಂದು ಮಗು ಸತ್ತರೆ, ಅವತ್ತು ಸಂಜೆ ಅಪ್ಪ ಹಿತ್ತಲಿಗೆ ಹೋಗಿ ಕತ್ತಲಾಗುವವರೆಗೆ ಮಣ್ಣು ಅಗೆಯುತ್ತಿದ್ದರಂತೆ. ಊಟಕ್ಕೆ ಕರೆಯಬೇಡ ಅಂತ ಅಮ್ಮ ಹೇಳುತ್ತಿದ್ದಳಂತೆ. ಅಷ್ಟೇ ಹೇಳಿದ. ನಾನು ಆ ಡಾಕ್ಟರ ಹತ್ತಿರ ಒಂದು ಸಲವೂ ಹೋದವನಲ್ಲ. ಆದರೂ ಇವತ್ತಿಗೂ ಅವರು ಹಿತ್ತಲಲ್ಲಿ ಬಗ್ಗಿ ನಿಂತಂತೆ ಕಾಣುತ್ತಾರೆ.

ನಮ್ಮ ಡಾಕ್ಟ್ರ ಮನೆಯಲ್ಲೂ ಇಂಥವು ಎಷ್ಟೋ ಇವೆ. ಡಾಕ್ಟ್ರ ಮಗಳಾದ ಗೆಳತಿಗೆ ಫೋನ್ ಮಾಡಿ ಒಂದೊಂದೇ ಕೇಳಿದೆ.

ಗದಗ-ಬೆಟಗೇರಿಯಲ್ಲಿ ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತು ಅನ್ನುವುದು ಅಲ್ಲಿ ಬೆಳೆದ ಎಲ್ಲರಿಗೂ ಗೊತ್ತು. ಡ್ರಮ್ಮು, ಕೊಡ, ಹಂಡೆಯಲ್ಲಿ ಹಿಡಿದಿಟ್ಟ ನೀರು. ಬೇಸಿಗೆ ಬಂತೆಂದರೆ ವಾಂತಿ-ಭೇದಿ. ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದರೆ ಮೊದಲು ಏಳುತ್ತಿದ್ದವರು ಅವ್ವಾರು. ಕಿಟಕಿಯಿಂದಲೇ ಕೇಳುತ್ತಿದ್ದರು: "ಎಷ್ಟ್ ಸಲ ಆತು? ಕೂಸು ಉಚ್ಚಿ ಹೊಯ್ದೈತೇನು? ಅತ್ತರ ಕಣ್ಣೀರು ಬರತಾವೇನು?" ಡಾಕ್ಟ್ರು ಅಂಗಿ ಹಾಕಿಕೊಂಡು ಬರುವಷ್ಟರಲ್ಲಿ ಅವರು ಕಾಯಿಸಿ ಆರಿಸಿಟ್ಟ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ ಕಲಸಿ ತಂದಿರುತ್ತಿದ್ದರು. ಅರ್ಧ ದವಾಖಾನೆ ನಡೆಸಿದವರು ಅವರು. ನುಡಿನಮನದಲ್ಲಿ ಅವರ ಮಾತು ಬಂದದ್ದು ಒಂದೇ ಸಲ, "ಧರ್ಮಪತ್ನಿ" ಅಂತ.

ಇನ್ನೊಂದು, ಮುಂಡರಗಿ ಕಡೆಯ ನೀರಿನ ವಿಷಯ. ಆ ಕಡೆ ಎಷ್ಟೋ ಊರಿನ ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ, ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತವೆ. ಅದಕ್ಕಿಂತ ಜಾಸ್ತಿ ಇದ್ದರೆ ಎಲುಬಿಗೂ ಇಳಿಯುತ್ತದೆ. ಒಮ್ಮೆ ಬಾಗಿದ ಕಾಲನ್ನು ಯಾವ ಗುಳಿಗೆಯೂ ನೆಟ್ಟಗೆ ಮಾಡುವುದಿಲ್ಲ. ಹಾಗಾಗಿ ಡಾಕ್ಟ್ರು ಆ ಕಡೆಯ ಮಕ್ಕಳು ಬಂದರೆ ಸ್ಟೆತಾಸ್ಕೋಪ್ ಹಿಡಿಯುವ ಮೊದಲು ಬಾಯಿ ತೆಗೆಸಿ ಹಲ್ಲು ನೋಡುತ್ತಿದ್ದರು. "ಯಾವ ಬೋರಿನ ನೀರು ಕುಡೀತಿ?" ಅಂತ ಕೇಳಿ ಬರೆದಿಟ್ಟುಕೊಳ್ಳುತ್ತಿದ್ದರು. ರವಿವಾರ ಖಾಲಿ ಬಾಟಲಿ ತುಂಬಿದ ಚೀಲ ಹಿಡಿದು ಬಸ್ ಹತ್ತಿ ಆ ಊರಿಗೇ ಹೋಗಿ ನೀರು ತುಂಬಿಕೊಂಡು ಬಂದು ಪರೀಕ್ಷೆಗೆ ಕಳಿಸುತ್ತಿದ್ದರು. ಜೊತೆಗೆ ಮಕ್ಕಳೂ ಇರುತ್ತಿದ್ದರು. ಬಾಟಲಿಗೆ ಚೀಟಿ ಅಂಟಿಸುವ ಕೆಲಸ ಗೆಳತಿಯದು. ಕಪ್ಪತಗುಡ್ಡದ ಬುಡದಲ್ಲಿ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದು ಬರುತ್ತಿದ್ದರಂತೆ. "ವಾರದಾಗ ಅಪ್ಪಾಜಿ ನಮಗ ಪೂರ್ತಿ ಸಿಗತಿದ್ದದ್ದು ಅವತ್ತ ಒಂದs ದಿನ ನೋಡು" ಅಂದಳು.

ದೇವರು ಅಂತ ಕರೆಯುವುದರಲ್ಲಿ ಪ್ರೀತಿ ಇದೆ, ನನಗೆ ಗೊತ್ತು. ನಮ್ಮ ಅವ್ವನೂ ಹಾಗೇ ಕರೆಯುತ್ತಿದ್ದಳು. ಆದರೆ ದೇವರು ಅಂದ ಮೇಲೆ ಅವರಿಗೆ ದಣಿವಿಲ್ಲ, ಅವರ ಹೆಂಡತಿಗೆ ನಿದ್ದೆ ಬೇಡ, ಮಕ್ಕಳಿಗೆ ರವಿವಾರ ಬೇಡ ಅಂದ ಹಾಗೆ ಆಗುತ್ತದೆ. ಈಗ ಓದುತ್ತಿರುವ ಹುಡುಗ ಹುಡುಗಿಯರು ಇಂಥ ಭಾಷಣ ಕೇಳಿದರೆ ಕೈ ಮುಗಿದು ದೂರ ನಿಲ್ಲುತ್ತಾರೆ. ಬಾಟಲಿಯ ಕಥೆ ಕೇಳಿದರೆ, ಇದನ್ನು ನಾವೂ ಮಾಡಬಹುದಲ್ವಾ ಅನ್ನುತ್ತಾರೆ.

ಇಂಗ್ಲೆಂಡಿನದೆಲ್ಲ ಚೆಂದ ಅಂತ ನಾನು ಹೇಳುತ್ತಿಲ್ಲ. 1948ರ ಜುಲೈ 5ರಿಂದ ನಡೆದು ಬಂದ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ದೊಡ್ಡದು. ಡಾಕ್ಟರ ಹತ್ತಿರ ಹೋಗುವಾಗ ಇಲ್ಲಿ ಯಾರೂ ಕಿಸೆ ಮುಟ್ಟಿ ನೋಡಿಕೊಳ್ಳುವುದಿಲ್ಲ. ಆದರೆ ಸಿಗುವುದು ಹತ್ತು ನಿಮಿಷ, ಹೋದಾಗೊಮ್ಮೆ ಬೇರೆ ಮುಖ. ನಮ್ಮ ಡಾಕ್ಟ್ರು ನನ್ನ ಕೆಮ್ಮು ಕೇಳಿಯೇ "ಇದು ನಿಮ್ಮಜ್ಜನ ಕೆಮ್ಮು" ಅಂದಿದ್ದರು. ಸಾವಿನ ಮನೆಯ ವಿಷಯದಲ್ಲೂ ಅಷ್ಟೇ. ನಮ್ಮಲ್ಲಿ ಅವ್ವಾರ ಮನೆಗೆ ದಿನವೂ ಒಂದೊಂದು ಮನೆಯಿಂದ ಬುತ್ತಿ ಬಂತು, ರಾತ್ರಿ ಮಲಗಲು ಓಣಿಯ ಹೆಂಗಸರು ಬಂದರು. ಇಲ್ಲಿ ಆ ಜಿಪಿಯ ಹೆಂಡತಿ ಅಂತ್ಯಕ್ರಿಯೆ ಆದ ದಿನವೇ ಸಂಜೆ ಒಬ್ಬರೇ ಬೀಗ ತೆಗೆದು ಒಳಗೆ ಹೋದದ್ದನ್ನು ನಾನು ನೋಡಿದ್ದೇನೆ. ನಮ್ಮ ಬುತ್ತಿ ನಮಗಿರಲಿ. ಮೈಕ್ ಮಾತ್ರ ಮೊದಲು ಮನೆಯವರಿಗೆ ಕೊಡೋಣ. ನಿಂತು ಮಾತಾಡಲು ಆಗದಿದ್ದರೆ ಅವರು ಹೇಳಿದ್ದನ್ನು ಬರೆದುಕೊಂಡು ಯಾರಾದರೂ ಓದಲಿ. ಆಮೇಲೆ ಕಂಪೌಂಡರ್‌ಗೆ ಕೊಡೋಣ. ಅತಿಥಿಗಳು ಕೊನೆಗೆ ಮಾತಾಡಲಿ.

ಕಳೆದ ವಾರ ಕಂಪೌಂಡರ್ ಕಾಕಾಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಮಾತಾಡಿದರು. ಓದಲು ಬಾರದವರಿಗೆ ಗುಳಿಗೆ ಕೊಡುವಾಗ ಪುಡಿಕೆಯ ಮೇಲೆ ಸೂರ್ಯ, ಚಂದ್ರ ಬರೆದು ಕೊಡುತ್ತಿದ್ದರಲ್ಲ, ಅದು ನನಗೂ ನೆನಪಿತ್ತು. ಡಾಕ್ಟ್ರೇ ಬರೆಯುತ್ತಿದ್ದರು ಅಂದುಕೊಂಡಿದ್ದೆ.

"ಅವ್ರಿಗೆಲ್ಲಿ ಹೊತ್ತು ತಮ್ಮಾ?" ಅಂದರು ಕಾಕಾ. "ಸಂಜೀಕ ಸಾಲಿ ಬಿಟ್ಟ ಮ್ಯಾಲ ನಿಮ್ಮ ಗೆಳತಿ ದವಾಖಾನ್ಯಾಗ ಕುಂತು ಬರದಿಡತಿದ್ದಳು. ಅಕಿ ಚಂದ್ರಗ ಕಣ್ಣು ಮೂಗು ಸೈತ ಇರತಿದ್ವು. ಒಂದು ಪುಡಿಕಿ ನನ್ನ ಟ್ರಂಕಿನ್ಯಾಗ ಐತಿ. ಬಂದಾಗ ಮನಿಗೆ ಬಾ, ತೋರಸ್ತೀನಿ."