ರೆಡ್‌ಫರ್ನ್ ಆಲ್ ಬ್ಲ್ಯಾಕ್ಸ್ ಕಥೆ, ಮತ್ತೆ ಕ್ಯಾಂಟೀನ್ ಹೆಂಗಸರ ಹೆಸರು

ಸಿಡ್ನಿಗೆ ಬಂದು ಹನ್ನೊಂದು ವರ್ಷ ಆಯ್ತು. ಮಗ ಕ್ರಿಕೆಟ್ ಹಿಡೀತಾನೆ ಅಂತ ಊರಲ್ಲಿ ಎಲ್ರೂ ಅಂದ್ಕೊಂಡಿದ್ರು, ಅವನು ಹಿಡಿದಿದ್ದು ರಗ್ಬಿ ಲೀಗ್. ಹಾಗಾಗಿ ಚಳಿಗಾಲದ ಶನಿವಾರ ಬಂತು ಅಂದ್ರೆ ಬೆಳಗ್ಗೆ ಏಳೂವರೆಗೆಲ್ಲ ಒದ್ದೆ ಹುಲ್ಲಿನ ಮೇಲೆ ನಿಂತಿರ್ತೀನಿ, ಕೈಯಲ್ಲಿ ಫ್ಲಾಸ್ಕು, ಜೇಬಲ್ಲಿ ಅವನ ಮೌತ್‌ಗಾರ್ಡ್ ಡಬ್ಬಿ.

ಈ ವರ್ಷ ಒಂದಿನ ಮ್ಯಾಚ್ ಮುಗಿಯೋವರೆಗೂ ಪಕ್ಕದಲ್ಲಿ ಮಡಚೋ ಕುರ್ಚಿ ಹಾಕ್ಕೊಂಡು ಒಬ್ರು ವಯಸ್ಸಾದೋರು ಕೂತಿದ್ರು. ಎದುರು ಟೀಮಲ್ಲಿ ಮೊಮ್ಮಗ ಆಡ್ತಿದ್ದ. ಹೋಗೋರು ಬರೋರೆಲ್ಲ ಅವರನ್ನ ಆಂಟಿ ಆಂಟಿ ಅಂತಿದ್ರು, ಬಿಳಿಯರ ಹುಡುಗ್ರು ಕೂಡ. ಇಲ್ಲಿನ ಅಬೊರಿಜಿನಲ್ ಜನರಲ್ಲಿ, ಅಂದ್ರೆ ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ, ಹಿರಿಯರನ್ನ ಆಂಟಿ, ಅಂಕಲ್ ಅಂತಲೇ ಕರೆಯೋದು, ಬರೀ ಹೆಸರು ಹಿಡಿದು ಕರೆಯಲ್ಲ. ನಂಗೆ ತಕ್ಷಣ ನಮ್ಮ ಬೀದಿ ನೆನಪಾಯ್ತು. ನಾನೂ ಆಂಟಿ ಅಂದೆ. ಫ್ಲಾಸ್ಕಿಂದ ಟೀ ಬಗ್ಗಿಸಿ ಕೊಟ್ಟೆ, ಶುಂಠಿ ಜಾಸ್ತಿ ಆಗಿತ್ತು, ಆದ್ರೂ ಪೂರ್ತಿ ಕುಡಿದ್ರು. ಆಮೇಲೆ ಹೇಳಿದ್ರು, ನಮ್ಮ ತಾತ ಎವ್ಲಿ ರೈಲ್ವೆ ವರ್ಕ್‌ಶಾಪಲ್ಲಿ ಕೆಲಸ ಮಾಡಿ ಭಾನುವಾರ ಆಲ್ ಬ್ಲ್ಯಾಕ್ಸಿಗೆ ಆಡ್ತಿದ್ರು ಅಂತ.

ಆಲ್ ಬ್ಲ್ಯಾಕ್ಸ್ ಅಂದ್ರೆ ನಂಗೆ ಗೊತ್ತಿದ್ದಿದ್ದು ನ್ಯೂಜಿಲೆಂಡಿನ ರಗ್ಬಿ ಟೀಮ್ ಮಾತ್ರ. ಇದು ರೆಡ್‌ಫರ್ನ್ ಆಲ್ ಬ್ಲ್ಯಾಕ್ಸ್, ಸಿಡ್ನಿ ಮಧ್ಯದಲ್ಲಿರೋ ಅಬೊರಿಜಿನಲ್ ಜನರ ಕ್ಲಬ್ಬು. 1930ರ ದಶಕದಲ್ಲೇ ಟೀಮ್ ಇತ್ತು, 1944ರ ಹೊತ್ತಿಗೆ ಸರಿಯಾಗಿ ಕ್ಲಬ್ ಅಂತ ನಿಂತ್ಕೊಂಡ್ತು. ಈ ಥರದ ಕ್ಲಬ್ಬುಗಳಲ್ಲಿ ಇಡೀ ದೇಶಕ್ಕೆ ಇದೇ ಹಳೇದು ಅಂತಾರೆ. ಇವತ್ತಿಗೂ ಸೌತ್ ಸಿಡ್ನಿ ಜೂನಿಯರ್ ಲೀಗಲ್ಲಿ ಮಕ್ಕಳ ಟೀಮಿಂದ ಹಿಡಿದು ದೊಡ್ಡೋರ ಟೀಮ್‌ವರೆಗೂ ಆಡ್ತಾರೆ.

ರಗ್ಬಿ ಲೀಗ್ ಬಗ್ಗೆ ಗೊತ್ತಿಲ್ದೋರಿಗೆ ಎರಡು ಮಾತು. ಇದು ನ್ಯೂಜಿಲೆಂಡಿನೋರು ಆಡೋ ರಗ್ಬಿ ಯೂನಿಯನ್ ಅಲ್ಲ, ಬೇರೆ ಆಟ. ಟೀಮಿಗೆ 13 ಜನ, ಬಾಲ್ ಹಿಡಿದೋನನ್ನ ಆರು ಸಲ ತಡೆದು ನಿಲ್ಲಿಸಿದ್ಮೇಲೆ (ಅದಕ್ಕೆ ಟ್ಯಾಕಲ್ ಅಂತಾರೆ) ಬಾಲ್ ಎದುರಿನೋರಿಗೆ. ಹುಟ್ಟಿದ್ದೇ ಕೂಲಿ ಜಗಳದಿಂದ. ಆಟಕ್ಕೋಸ್ಕರ ಕೆಲಸ ತಪ್ಪಿಸ್ಕೊಂಡ್ರೆ ಆ ದಿನದ ಕೂಲಿ ತುಂಬ್ಕೊಡ್ಬೇಕಾ ಬೇಡ್ವಾ ಅಂತ 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಬೇರೆ ಆಗಿದ್ದು. ಸಿಡ್ನಿಲಿ 1908ರಲ್ಲಿ ಮೊದಲ ಪಂದ್ಯಾವಳಿ ನಡೀತು, ಗೆದ್ದಿದ್ದು ಸೌತ್ ಸಿಡ್ನಿ, ರೆಡ್‌ಫರ್ನ್ ಇರೋ ಭಾಗದ ಕ್ಲಬ್ಬು. ಅಂದ್ರೆ ಫ್ಯಾಕ್ಟರಿ, ರೈಲ್ವೆ, ಬಂದರು ಕೂಲಿಗಳ ಏರಿಯಾದ ಆಟ.

ಅದೇ ಏರಿಯಾಗೆ ಅಬೊರಿಜಿನಲ್ ಕುಟುಂಬಗಳು ಕೆಲಸ ಹುಡುಕ್ಕೊಂಡು ಬಂದ್ವು. ಅಲ್ಲಿವರೆಗೂ ಹಳ್ಳಿ ಕಡೆ ರಿಸರ್ವ್, ಮಿಷನ್ ಅಂತ ಅವರಿಗಂತಲೇ ಗುರುತು ಮಾಡಿಟ್ಟ ಜಾಗಗಳಲ್ಲಿ ಸರ್ಕಾರದ ಹಿಡಿತದಲ್ಲಿದ್ದೋರು, ಎಲ್ಲಿರ್ಬೇಕು, ಮಕ್ಕಳು ಮನೇಲಿ ಇರ್ಬೋದಾ ಇಲ್ವಾ ಅನ್ನೋದನ್ನೂ ಬೇರೆಯೋರು ತೀರ್ಮಾನ ಮಾಡೋರು. ರೆಡ್‌ಫರ್ನ್‌ಗೆ ಬಂದ್ಮೇಲೂ ಬಾಡಿಗೆ ಮನೆ ಸಿಗೋದು ಕಷ್ಟ, ಪೊಲೀಸ್ ಕಾಟ ಬೇರೆ. ಅಂಥ ಹೊತ್ತಲ್ಲಿ ತಮ್ಮದೇ ಹೆಸರು, ತಮ್ಮದೇ ಜೆರ್ಸಿ, ವಾರಕ್ಕೊಂದ್ಸಲ ಎಲ್ರೂ ಸೇರೋ ಒಂದು ಮೈದಾನ. ದೂರದ ಊರಿಂದ ಬಂದ ಹುಡುಗ ಇಲ್ಲಿ ಯಾರಾದ್ರೂ ನಮ್ಮೋರು ಇದಾರಾ ಅಂತ ಕೇಳಿದ್ರೆ ಮೈದಾನಕ್ಕೆ ಕಳಿಸೋರಂತೆ, ಆಂಟಿ ಹೇಳಿದ್ದು.

ವರ್ಷಗಳನ್ನ ಸಾಲಾಗಿ ಇಟ್ಟು ನೋಡಿ. ಕ್ಲಬ್ 1944. ಕಾನೂನು ನೆರವು ಕೊಡೋ ಅಬೊರಿಜಿನಲ್ ಲೀಗಲ್ ಸರ್ವಿಸ್ ರೆಡ್‌ಫರ್ನ್‌ನಲ್ಲಿ ಶುರುವಾಗಿದ್ದು 1970, ಚಿಕಿತ್ಸೆ ಕೊಡೋ ಮೆಡಿಕಲ್ ಸರ್ವಿಸ್ 1971. ದೇಶದ ಜನಗಣತಿಯಲ್ಲಿ ಇವರನ್ನೂ ಲೆಕ್ಕ ಹಿಡೀಬೇಕು ಅಂತ ರೆಫರೆಂಡಮ್ ಆಗಿದ್ದು 1967. ಇವೆಲ್ಲಕ್ಕಿಂತ ಇಪ್ಪತ್ತು ಇಪ್ಪತ್ತೈದು ವರ್ಷ ಮುಂಚೆನೇ ಮೀಟಿಂಗ್ ಕರೆಯೋದು, ಲೆಕ್ಕ ಬರೆಯೋದು, ದುಡ್ಡು ಎತ್ತೋದು, ಜಗಳ ಬಿಡಿಸೋದು ಎಲ್ಲ ಒಂದು ರಗ್ಬಿ ಲೀಗ್ ಕ್ಲಬ್ಬಲ್ಲಿ ನಡೀತಿತ್ತು. ನನ್ನ ಮಟ್ಟಿಗೆ ಇದೇ ಆ ಕ್ಲಬ್ಬಿನ ಅತಿ ದೊಡ್ಡ ಗೆಲುವು, ಶೀಲ್ಡುಗಳೆಲ್ಲ ಆಮೇಲೆ.

1971ರಲ್ಲಿ ಇನ್ನೊಂದು ಆಯ್ತು. ಕೂರಿ ಯುನೈಟೆಡ್ ಅನ್ನೋ ಟೀಮಿನ ಆರು ಜನ ಸೇರ್ಕೊಂಡು ಕೂರಿ ನಾಕೌಟ್ ಅನ್ನೋ ಪಂದ್ಯಾವಳಿ ಶುರು ಮಾಡಿದ್ರು (ಕೂರಿ ಅಂದ್ರೆ ಈ ಕಡೆಯ ಅಬೊರಿಜಿನಲ್ ಜನ), ಆಟ ಚೆನ್ನಾಗಿದ್ರೂ ದೊಡ್ಡ ಕ್ಲಬ್ಬಿನೋರು ನಮ್ಮ ಹುಡುಗರನ್ನ ಆರಿಸ್ತಿಲ್ಲ ಅನ್ನೋ ನೋವಲ್ಲಿ. ಮೊದಲ ವರ್ಷ ಸಿಡ್ನಿಯ ಸೇಂಟ್ ಪೀಟರ್ಸ್‌ನಲ್ಲಿ ಬರೀ 7 ಟೀಮ್. ಈಗ ಪ್ರತಿ ಅಕ್ಟೋಬರ್ ಲಾಂಗ್ ವೀಕೆಂಡಲ್ಲಿ ನೂರಕ್ಕೂ ಜಾಸ್ತಿ ಟೀಮ್ ಬರುತ್ತೆ, ಹೆಣ್ಮಕ್ಕಳದ್ದು, ಚಿಕ್ಕ ಮಕ್ಕಳದ್ದು ಎಲ್ಲ, ಗೆದ್ದೋರಿಗೆ ಮುಂದಿನ ವರ್ಷ ತಮ್ಮೂರಲ್ಲಿ ನಡೆಸೋ ಹಕ್ಕು. ಬೇರೆ ಬೇರೆ ಊರಿಗೆ ಚದುರಿ ಹೋದ ಅಣ್ಣತಮ್ಮಂದಿರು ಅಲ್ಲೇ ಭೇಟಿ ಆಗೋದು. ನಮ್ಮ ಊರಹಬ್ಬಕ್ಕೆ ಎಲ್ಲೆಲ್ಲಿದ್ದೋರೂ ಬರ್ತಾರಲ್ಲ, ಹಾಗೆ.

ಇದೆಲ್ಲ ಯಾಕೆ ಬರೀತಿದೀನಿ ಅಂದ್ರೆ, ನಂಗೆ ಗೊತ್ತಿರೋ ಒಂದು ಜೂನಿಯರ್ ಕ್ಲಬ್ಬಲ್ಲಿ ಇತ್ತೀಚೆಗೆ ನೆನಪಿನ ಪುಸ್ತಕ ತಂದ್ರು. ಹೆಸರು ಬೇಡ. ಫಸ್ಟ್ ಗ್ರೇಡಿಗೆ, ಅಂದ್ರೆ ಎಲ್ಲಕ್ಕಿಂತ ಮೇಲಿನ ಮಟ್ಟಕ್ಕೆ, ಹೋದ ಆಟಗಾರರ ಫೋಟೋ, ಗೆದ್ದ ಫೈನಲ್ಲು, ಪ್ರೆಸಿಡೆಂಟುಗಳ ಪಟ್ಟಿ, ಅಷ್ಟೇ. ಇಪ್ಪತ್ತಾರು ವರ್ಷ ಕ್ಯಾಂಟೀನ್ ನಡೆಸಿ, ಪ್ರತಿ ಭಾನುವಾರ ನಲವತ್ತು ಜೆರ್ಸಿ ಮನೆಗೆ ಹೊತ್ಕೊಂಡು ಹೋಗಿ ಒಗೆದು ತಂದ ಹೆಂಗಸಿನ ಹೆಸರು ಒಂದು ಸಾಲಲ್ಲೂ ಇಲ್ಲ. ಫೀಸ್ ಕಟ್ಟಕ್ಕಾಗದ ಮಕ್ಕಳ ದುಡ್ಡನ್ನ ಸಾಸೇಜ್ ಮಾರಿ ತುಂಬಿಸಿದೋರು ಅವರೇ. ಪುಸ್ತಕ ಕೈಗೆ ಬಂದಾಗ ಅವರು ಏನೂ ಅನ್ಲಿಲ್ಲ, ಹಾಳೆ ತಿರುಗಿಸಿ ಟ್ರೇ ಪಕ್ಕ ಇಟ್ಟು ಈರುಳ್ಳಿ ಹೆಚ್ಚೋಕೆ ಹೋದ್ರು. ನಂಗೆ ಹೊಟ್ಟೆ ಉರೀತು.

ನೂರು ಮಕ್ಕಳು ಆಡಿದ್ರೆ ಒಬ್ಬ ದೊಡ್ಡ ಆಟಗಾರ ಆಗೋದೂ ಕಷ್ಟ. ಆ ಒಬ್ಬನ ಕಥೆನೇ ಕ್ಲಬ್ಬಿನ ಇತಿಹಾಸ ಅಂದ್ರೆ ಮಿಕ್ಕ 99 ಮಕ್ಕಳು, ಅವರ ಅಪ್ಪ ಅಮ್ಮ ಎಲ್ಲಿ ಹೋದ್ರು? ರೆಡ್‌ಫರ್ನ್ ಕಥೆ ನಂಗೆ ಸಿಕ್ಕಿದ್ದು ಮೈದಾನದ ಅಂಚಲ್ಲಿ ಕೂತಿದ್ದ ಒಬ್ಬ ಅಜ್ಜಿಯಿಂದ. ಅವತ್ತು ನಾನು ಬೇರೆ ಕಡೆ ನಿಂತಿದ್ರೆ ಅವರ ತಾತನ ವಿಷ್ಯ ನಂಗೆ ಗೊತ್ತೇ ಆಗ್ತಿರ್ಲಿಲ್ಲ.

ಹೋದ ಶನಿವಾರ ಕ್ಯಾಂಟೀನ್ ಬಾಗಿಲು ಹಾಕಿದ್ಮೇಲೆ ಆ ಜೆರ್ಸಿ ಒಗೀತಿದ್ದ ಹೆಂಗಸಿನ ಪಕ್ಕ ಕೂತು ಫೋನಲ್ಲಿ ರೆಕಾರ್ಡ್ ಒತ್ತಿದೆ. ನಲವತ್ತು ನಿಮಿಷ ಮಾತಾಡಿದ್ರು, ಅರ್ಧಕ್ಕಿಂತ ಜಾಸ್ತಿ ಜೆರ್ಸಿ ಬಗ್ಗೆನೇ, ಯಾವ ವರ್ಷದ್ದು ಬಣ್ಣ ಬಿಡ್ತು, ಯಾವ ನಂಬರಿಂದು ವಾಪಸ್ ಬರ್ಲಿಲ್ಲ, ಅದನ್ನ ಹಾಕ್ಕೊಳ್ತಿದ್ದ ಹುಡುಗ ಈಗ ಎಲ್ಲಿದಾನೆ ಅಂತೆಲ್ಲ. ಮನೇಲಿ ಒಂದು ಹಳೇ ನೋಟ್‌ಬುಕ್ ಇದೆಯಂತೆ, ಮುಂದಿನ ವಾರ ತರ್ತೀನಿ ಅಂದಿದಾರೆ.